ರಾತ್ರಿ ಫೋಟೊಗೆ ಬಾಡಿಗೆ ಲೆನ್ಸ್ ತರ್ತೀರಾ? ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡದೆ ದುಡ್ಡು ಕೊಡಬೇಡಿ

ಬಾಡಿಗೆಗೆ ಕೊಡುವವರು ಅಂಗಡಿಯ ಟ್ಯೂಬ್‌ಲೈಟ್ ಬೆಳಕಲ್ಲಿ ಎರಡು ಕ್ಲಿಕ್ ಮಾಡಿ "ನೋಡಿ, ಎಷ್ಟು ಶಾರ್ಪ್" ಅಂತಾರೆ. ನಂಬಬೇಡಿ. ಒಳಗಾಜಿಗೆ ಹೇಜ್ (ಮಬ್ಬು ಪದರ), ಫಂಗಸ್ (ಬೂಷ್ಟು) ಹಿಡಿದ ಲೆನ್ಸ್ ಕೂಡ ಆ ಬೆಳಕಲ್ಲಿ ಸಾಚಾನೇ. ಬಣ್ಣ ಒಂಚೂರು ಪೇಲವ, ಅಷ್ಟೇ. ಕಪ್ಪು ಹಿನ್ನೆಲೆಯಲ್ಲಿ ಉರಿಯುವ ದೀಪ ಬರಲಿ, ಬಂಡವಾಳ ಬಯಲು.

ನನ್ನ ತಲೆಗೆ ಕಟ್ಟಿದ್ದೂ ಅಂಥದ್ದೇ, ಒಂದು ವೈಡ್ ಲೆನ್ಸ್. ಗೊತ್ತಿರುವ ಊರು, ಹಿಂದೆ ಫೋಟೊ ತೆಗೆದಿದ್ದ ಅದೇ ನಡುಚೌಕ. ಸೂರ್ಯ ಮುಳುಗಿ 25 ನಿಮಿಷ, ಆಕಾಶದಲ್ಲಿ ನೀಲಿ ಇನ್ನೂ ಉಳಿದಿತ್ತು. ರಾತ್ರಿ ಫೋಟೊಗೆ ಬೇಕಾದ ಸೆಟ್ಟಿಂಗ್ ಎಲ್ಲ ಸರಿ ಇತ್ತು: ಟ್ರೈಪಾಡ್, ಐಎಸ್‌ಒ 100, ಎಫ್/11, 15 ಸೆಕೆಂಡ್, ಸ್ಟೆಬಿಲೈಸೇಶನ್ ಆಫ್, 2 ಸೆಕೆಂಡ್ ಟೈಮರ್. ಸ್ಕ್ರೀನ್ ನೋಡಿದರೆ ಪ್ರತಿ ಬೀದಿದೀಪದ ಸುತ್ತ ಹಾಲು ಚೆಲ್ಲಿದ ಹಾಗೆ ಬಿಳಿ! ಕಟ್ಟಡಗಳ ಅಂಚೇ ಇಲ್ಲ, ಕಪ್ಪೆಲ್ಲ ಬೂದಿ. ಯುವಿ ಫಿಲ್ಟರ್ ತೆಗೆದರೂ ಅದೇ. ಮುಂದಿನ ಗಾಜು ಒರೆಸಿದರೂ ಅದೇ. ಸ್ಕ್ರೀನಿನಲ್ಲಿ ಕಾಣುವ ಚಿತ್ರ (ಲೈವ್ ವ್ಯೂ) ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿದರೂ ಅದೇ, ಅದೇ. ಟ್ರೈಪಾಡ್ ಮುಟ್ಟದೆ, ಸೆಟ್ಟಿಂಗ್ ಬದಲಿಸದೆ ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ ಹಾಕಿದರೆ ದೀಪಗಳು ಚೊಕ್ಕ, ಸುತ್ತ ನಕ್ಷತ್ರದ ಕಡ್ಡಿಗಳು. ಆಗ ಫೋನ್ ಟಾರ್ಚ್ ಹಿಡಿದು ನೋಡಿದೆ. ಒಳಗೆ ಅಂಚಿನಿಂದ ಹಬ್ಬಿದ ಬೂಷ್ಟಿನ ಎಳೆಗಳು! ಇದಕ್ಕೆ ಪೂರ್ತಿ ಬಾಡಿಗೆ ಬೇರೆ.

ಅಂಗಡಿಗೆ ಫೋನ್ ಮಾಡಿದರೆ ಉತ್ತರ ಕೇಳಿ. "ಈಗೆಲ್ಲ ಎಲ್‌ಇಡಿ ದೀಪ ಸಾರ್, ಹಾಗೇ ಬರೋದು." ಕಿಟ್ ಲೆನ್ಸಿನಲ್ಲಿ ಯಾಕೆ ಬರಲಿಲ್ಲ? "ಗಾಳೀಲಿ ಧೂಳು ಜಾಸ್ತಿ." ಕಿಟ್ ಲೆನ್ಸಿಗೇನು ಬೇರೆ ಗಾಳಿನಾ? ಆಮೇಲೆ ಬಂತು ನೋಡಿ: "ಸಿನಿಮಾದವರು ಈ ಎಫೆಕ್ಟಿಗೇ ದುಡ್ಡು ಕೊಟ್ಟು ಫಿಲ್ಟರ್ ಹಾಕ್ತಾರೆ!" ಹಾಕ್ತಾರೆ, ಬೇಕಾದಾಗ. ಬೇಡವಾದಾಗ ಬಿಚ್ಚಿಡ್ತಾರೆ. ಒಳಗಾಜಿನ ಫಂಗಸ್ ಬಿಚ್ಚಿಡೋಕಾಗುತ್ತಾ? ಎಡಿಟಿಂಗ್‌ನಲ್ಲಿ ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ ಎಳೆದರೆ ಬೂದಿ ಕಪ್ಪಾಗುತ್ತೆ, ಹೋದ ಅಂಚು ವಾಪಸ್ ಬರಲ್ಲ.

ವಾಪಸ್ ಕೊಡುವಾಗಲಂತೂ ಮೈ ಉರಿಯಿತು. "ನೀವು ತಗೊಂಡು ಹೋಗುವಾಗ ಕ್ಲೀನ್ ಇತ್ತು." ಅಲ್ಲ ಸ್ವಾಮಿ, ಫಂಗಸ್ ರಾತ್ರೋರಾತ್ರಿ ಬೆಳೆಯುತ್ತಾ? ತೇವದ ಕಪಾಟಿನಲ್ಲಿ ವಾರಗಟ್ಟಲೆ ಮುಚ್ಚಿಟ್ಟರೆ ಬರೋದು ಅದು. ಕಪಾಟು ಯಾರದ್ದು?

ತರೋದೇ ಆದರೆ ಎರಡೂ ಕಡೆ ಮುಚ್ಚಳ ತೆಗೆದು, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ನೇರ ಬಿಟ್ಟರೆ ಹೇಜ್ ಕಾಣಲ್ಲ, ಓರೆಯೇ ಬೇಕು. ಸೀರಿಯಲ್ ನಂಬರ್ ಕಾಣುವ ಹಾಗೆ ಅಲ್ಲೇ ವಿಡಿಯೊ ಮಾಡಿಕೊಳ್ಳಿ, ರಸೀದಿಯಲ್ಲಿ ಸ್ಥಿತಿ ಬರೆಸಿ. ಆಮೇಲೆ ಕತ್ತಲ ಮೂಲೆಯಲ್ಲಿ ಒಂದು ಟಾರ್ಚ್ ಉರಿಸಿಟ್ಟು ಅದರದ್ದೇ ಫೋಟೊ ತೆಗೆಯಿರಿ. ಇದಕ್ಕೆಲ್ಲ ಮುಖ ಸಿಂಡರಿಸುವ ಅಂಗಡಿಯಾದರೆ ಎದ್ದು ಬನ್ನಿ.

ಅಡ್ವಾನ್ಸ್ ಇನ್ನೂ ಬಂದಿಲ್ಲ. "ಕ್ಲೀನಿಂಗ್ ಬಿಲ್ ಬರಲಿ, ಕಳೆದು ಕೊಡ್ತೀವಿ" ಅಂತಿದ್ದಾರೆ.