ಮ್ಯಾಥ್ ರಾಕ್ ತೂಗಲು ಯಾವ ತಕ್ಕಡಿ: ವಿಮರ್ಶಕರ ಅಂಕವೋ, ಕೈತಾಳವೋ, ಕಾಗದದ ಎಣಿಕೆಯೋ?

ಮ್ಯಾಥ್ ರಾಕ್ ಎಂದರೆ ಏಳು, ಹತ್ತರಂಥ ಅಪರೂಪದ ಎಣಿಕೆಯ ತಾಳಗಳಲ್ಲಿ ನುಡಿಸುವ ರಾಕ್ ಸಂಗೀತ. ಅಂಥ ಬ್ಯಾಂಡಿನ ಹೊಸ ಆಲ್ಬಮ್ ಬಂದರೆ ಹೊಗಳುವವರು ‘ಸಂಕೀರ್ಣ’ ಎನ್ನುತ್ತಾರೆ, ತೆಗಳುವವರು ‘ಬರೀ ಲೆಕ್ಕ, ಭಾವ ಇಲ್ಲ’ ಎನ್ನುತ್ತಾರೆ. ಯಾವ ಲೆಕ್ಕ ಎಂದು ಬಿಡಿಸಿ ಹೇಳುವವರು ಕಡಿಮೆ. ವಿಮರ್ಶಕರ ಅಂಕ, ಕೈತಾಳ, ಕಾಗದದ ಎಣಿಕೆ, ಮೂರೂ ದಾರಿ ಹಿಡಿದು ನೋಡಿದ್ದೇವೆ.

ಅಂಕದ ದಾರಿ ಸುಲಭ, ಭರವಸೆ ಕಡಿಮೆ. ಅಮೆರಿಕನ್ ಫುಟ್‌ಬಾಲ್ ಬ್ಯಾಂಡಿನ 1999ರ ಮೊದಲ ಆಲ್ಬಮ್ ಬಂದಾಗ ದೊಡ್ಡ ಸದ್ದಾಗಲಿಲ್ಲ, ಬ್ಯಾಂಡೂ ಬೇಗ ಚದುರಿತು. 2014ರಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡುವಷ್ಟರಲ್ಲಿ ಎಷ್ಟೋ ಬ್ಯಾಂಡುಗಳಿಗೆ ಅದೇ ಮಾದರಿಯಾಗಿತ್ತು. ಬ್ಯಾಟಲ್ಸ್ ಬ್ಯಾಂಡಿನ 2007ರ ಆಲ್ಬಮ್ ‘ಮಿರರ್ಡ್’ಗೆ ಮಾತ್ರ ಕೂಡಲೇ ಹೊಗಳಿಕೆ ಸಿಕ್ಕಿತು.

ಧಾರವಾಡ, ಗದಗಿನ ಕಡೆ ತಬಲಾ ಕೇಳಿ ಪಳಗಿದ ಕಿವಿಗೆ ಕೈತಾಳವೇ ಹತ್ತಿರ. ಮೊದಲ ಸಲ ಎಣಿಸದೆ ಕೇಳಿ. ಆಮೇಲೆ ಗಿಟಾರ್ ಮರುಕಳಿಸುವ ಅರ್ಧ ನಿಮಿಷ ಆರಿಸಿ, ಪ್ಲೇಯರಿನ ವೇಗ 0.75ಕ್ಕೆ ಇಳಿಸಿ, ಹೈ-ಹ್ಯಾಟಿನ (ಡ್ರಮ್ಸ್‌ನ ಜೋಡಿ ತಟ್ಟೆ) ಸಣ್ಣ ಏಟನ್ನು ಒಂದು ಮಾತ್ರೆ (ಎಣಿಕೆಯ ಘಟಕ) ಎಂದು ಹಿಡಿಯಿರಿ. ಏಳಕ್ಕೆ ತಿರುಗಿ ಬಂದರೆ ಹಿಂದುಸ್ತಾನಿ ರೂಪಕ ತಾಳದ 3+2+2 ಹಚ್ಚಿ ನೋಡಿ. ಹೊಂದದಿದ್ದರೆ 2+2+3.

ಎಡವುವುದು ಇಲ್ಲೇ. ರೂಪಕದಲ್ಲಿ ಸಮ್ (ಸುತ್ತಿನ ಮೊದಲ ಮಾತ್ರೆ) ಬೀಳುವುದೇ ಖಾಲಿಯ (ಚಪ್ಪಾಳೆಯಿಲ್ಲದೆ ಕೈ ಬೀಸುವ ಜಾಗದ) ಮೇಲೆ, ‘ತೀ ತೀ ನಾ’ ಹಗುರ. ರಾಕ್‌ನಲ್ಲಿ ಒಂದನೇ ಏಟಿಗೆ ಸಾಮಾನ್ಯವಾಗಿ ಕಿಕ್ ಡ್ರಮ್ಮಿನ ಭಾರ. ಠೇಕಾ (ತಾಳದ ನಿಗದಿತ ಬೋಲ್‌ಗಳು, ಅಂದರೆ ತಬಲಾದ ಅಕ್ಷರಗಳು) ಬಾಯಲ್ಲಿ ಹೇಳಿಕೊಂಡರೆ ನಾಲ್ಕನೇ ಮಾತ್ರೆಯ ‘ಧೀ’ಯನ್ನೇ ಶುರು ಎಂದು ಕಿವಿ ನಂಬುತ್ತದೆ. ಅದಕ್ಕೇ ಬೋಲ್ ಬಿಟ್ಟು ಬರೀ ಚಪ್ಪಾಳೆ ಹಾಕಿ. ಹತ್ತರ ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) ಝಪತಾಲದ 2+3+2+3 ಕೈಗೆ ತಾನಾಗಿ ಬರುತ್ತದೆ, ಆದರೆ ರಾಕ್‌ನವರ ಹತ್ತು ಎಷ್ಟೋ ಸಲ 3+3+2+2. ಒಟ್ಟು ಸರಿ ಬಂತೆಂದು ಒಡೆತವೂ ಸರಿ ಎಂದುಕೊಳ್ಳಬೇಡಿ.

ಕಾಲು ಕುಟ್ಟುವುದಂತೂ ಬೇಡವೇ ಬೇಡ. ಎರಡು ಮಾತ್ರೆಗೊಮ್ಮೆ ಕುಟ್ಟಿದರೆ ಏಳರ ಎರಡನೇ ಸುತ್ತಿನಲ್ಲಿ ಕಾಲು ಒಂದನೇ ಮಾತ್ರೆ ತಪ್ಪಿಸಿ ಎರಡನೆಯದರ ಮೇಲೆ ಬೀಳುತ್ತದೆ. ಮತ್ತೆ ಕೂಡುವುದು ಹದಿನಾಲ್ಕು ಮಾತ್ರೆ ಕಳೆದ ಮೇಲೆ. ‘ಡ್ರಮ್ಮರ್ ಲಯ ಬಿಟ್ಟ’ ಅನ್ನಿಸುವುದು ಹೀಗೆ.

ಆವರ್ತನ ನಡುವೆಯೇ ಬದಲಾಗುವ ಹಾಡಿಗೆ ಕೈತಾಳ ಸಾಲದು. ತಾಳ ತಿರುಗಿ ಬರುತ್ತದೆಂದೇ ಕೈ ಕಾಯುತ್ತಿರುತ್ತದೆ. ಅಲ್ಲಿ ಕಾಗದದ ಮೇಲೆ ಬಾರ್‌ಗೊಂದು (ಹಾಡಿನ ಒಂದೊಂದು ತಾಳದ ತುಂಡಿಗೆ ಎಷ್ಟು ಮಾತ್ರೆ ಎಂದು) ಅಂಕಿ ಬರೆಯುತ್ತ ಹೋಗಿ: 8, 7, 8, 7. ಎಂಟು-ಏಳು ಜೋಡಿ ನಿಂತಿತೆಂದರೆ ಅದು ಹದಿನೈದರ ಒಂದೇ ಸುತ್ತು, ಗೊಂದಲವೇನಲ್ಲ. ಬೇಸರದ ಕೆಲಸ, ನಿಜ. ಭಾವ ಹಿಡಿಯಲು ಏನೂ ಉಪಯೋಗವಿಲ್ಲ.

ಇನ್ನೊಂದು ಬಗೆ ವಿಮರ್ಶಕರನ್ನೂ ದಾರಿ ತಪ್ಪಿಸುತ್ತದೆ. ಗಿಟಾರ್ ಏಳರಲ್ಲಿ, ಡ್ರಮ್ಸ್ ಎಂಟರಲ್ಲಿ ಸುತ್ತುತ್ತಿರುತ್ತವೆ, ಎರಡೂ ಕೂಡುವುದು 56ನೇ ಮಾತ್ರೆ ಮುಗಿದಾಗ. ಗಿಟಾರ್ ಒಂದನ್ನೇ ಕೇಳಿದರೆ ‘ಕ್ಷಣಕ್ಕೊಂದು ತಾಳ’ ಎಂದು ಬರೆಯುವ ಹಾಗಾಗುತ್ತದೆ. ಸ್ನೇರ್ ಡ್ರಮ್ಮಿನ ಏಟು ಎಂಟರ ಮೂರು ಮತ್ತು ಏಳನೇ ಮಾತ್ರೆಗೆ ಬಿಡದೆ ಬೀಳುತ್ತಿದ್ದರೆ ತಾಳ ಬದಲಾಗಿಲ್ಲ. ಇದಕ್ಕೆ ಎಡಗೈಯಲ್ಲಿ ಎಂಟು ಹಿಡಿದು ಬಲಗೈಯಲ್ಲಿ ಗಿಟಾರಿನ ಏಳು ತಟ್ಟಬೇಕು. ಗಿಟಾರ್ ಎಂಟು ಸುತ್ತು, ಡ್ರಮ್ಸ್ ಏಳು ಸುತ್ತು ಮುಗಿಸಿ ಸಮ್‌ಗೆ ಬಂದರೆ ಎಣಿಕೆ ಸರಿ. ವಿಮರ್ಶೆ ಓದುವುದಿದ್ದರೆ ಇಷ್ಟಾದ ಮೇಲೆ ಓದಿ.