ಅವ್ವನ ಸೀರೆ ಕೋಲಿಗೆ ಮೂರು ಲೈಟು ಹಾಕಿ ನೋಡಿದೆ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಮಲಗುವ ಕೋಲಿಗೆ (ಕೋಣೆಗೆ) ಹೊಂದಿಕೊಂಡು ಒಂದು ಸಣ್ಣ ಬಟ್ಟೆ ಕೋಲಿ ಇದೆ. ನಾಲ್ಕಡಿ ಅಗಲ, ಆರಡಿ ಉದ್ದ, ಕಿಟಕಿ ಇಲ್ಲ. ಮನೆ ಕಟ್ಟಿಸುವಾಗ ಅಲ್ಲಿ ಲೈಟಿನ ಪಾಯಿಂಟ್ ಬಿಡಿಸಿರಲಿಲ್ಲ. ಅವ್ವನ ಇಳಕಲ್ ಸೀರೆಗಳೆಲ್ಲ ಅಲ್ಲೇ ಇರುತ್ತವೆ. ಕಪ್ಪು ಬಣ್ಣದ ಚಂದ್ರಕಾಳಿ ಯಾವುದು, ಕಡುನೀಲಿ ಯಾವುದು ಅಂತ ತಿಳಿಯಲು ಪ್ರತಿ ಸಲ ಸೀರೆಯನ್ನು ಹೊರಗೆ ತಂದು ಬೆಳಕಿಗೆ ಹಿಡಿಯುತ್ತಿದ್ದಳು. ಇದನ್ನು ನೋಡಲಾಗದೆ ಒಂದೂವರೆ ವರ್ಷದಲ್ಲಿ ಮೂರು ಬಗೆಯ ಲೈಟು ಹಾಕಿ ನೋಡಿದೆ.

ಮೊದಲು ತಂದದ್ದು ಚಾರ್ಜ್ ಮಾಡುವ ಸೆನ್ಸರ್ ಲೈಟು. ಒಂದು ಗೇಣುದ್ದದ ಕಡ್ಡಿ, ಹಿಂದೆ ಮ್ಯಾಗ್ನೆಟ್. ವೈರ್ ಎಳೆಯೋದು, ಗೋಡೆ ಕೊರೆಯೋದು ಏನೂ ಬೇಡ. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ತಾನೇ ಹತ್ತುತ್ತದೆ. ಚಳಿಗಾಲದಲ್ಲಿ ಬಹಳ ಹಿಡಿಸಿತ್ತು. ಬೇಸಿಗೆಯಲ್ಲಿ ಕೈಕೊಟ್ಟಿತು. ಈ ಸೆನ್ಸರ್ ಹಿಡಿಯೋದು ಮೈಯ ಬಿಸಿ ಅಲುಗಾಡುವುದನ್ನು. ಸುತ್ತಲಿನ ಗೋಡೆಗಿಂತ ಮೈ ಬಿಸಿ ಇದ್ದರೆ ಮಾತ್ರ ಅದಕ್ಕೆ ಫರಕು ಗೊತ್ತಾಗುತ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಆಸುಪಾಸು. ಗಾಳಿಯಾಡದ ಕೋಲಿಯ ಗೋಡೆಯೂ ಹೆಚ್ಚುಕಡಿಮೆ ಮೈಯಷ್ಟೇ ಕಾದಿರುತ್ತದೆ. ಹತ್ತಿರ ಹೋಗಿ ಕೈ ಬೀಸಿದರೂ ಕೆಲವೊಮ್ಮೆ ಹತ್ತುತ್ತಿರಲಿಲ್ಲ. ಹತ್ತಿದರೂ ಅವ್ವ ಸೀರೆ ಹುಡುಕುತ್ತ ಅಲುಗಾಡದೆ ನಿಂತರೆ ಸ್ವಲ್ಪ ಹೊತ್ತಿಗೆ ಆರಿಹೋಗುತ್ತಿತ್ತು. ವಾರಕ್ಕೊಮ್ಮೆ ಚಾರ್ಜಿಗೆ ಹಾಕೋದು ಬೇರೆ.

ಆಮೇಲೆ ಎಲ್‌ಇಡಿ ಪಟ್ಟಿ. 12 ವೋಲ್ಟಿನದು, ಅಡಾಪ್ಟರ್ ಜೊತೆ ಬರುತ್ತದೆ. ಹಲಗೆಯ ಅಂಚಿಗೆ ಅಂಟಿಸಿದರೆ ಪ್ರತಿ ಸೀರೆಯ ಮೇಲೂ ಬೆಳಕು ಒಂದೇ ಸಮ ಬೀಳುತ್ತದೆ, ಎಲ್ಲೂ ನೆರಳಿಲ್ಲ. ಬೆಳಕಿನ ಚೆಂದಕ್ಕೆ ಮೂರರಲ್ಲಿ ಇದಕ್ಕೇ ಮೊದಲ ನಂಬರ್ ಕೊಡುತ್ತೇನೆ. ಆದರೆ ಸೆಕೆಗೆ ಅಂಟು ಬಿಟ್ಟು ಪಟ್ಟಿ ಜೋತುಬಿತ್ತು. ಅದಕ್ಕಿಂತ ದೊಡ್ಡ ಚಿಂತೆ ಅಡಾಪ್ಟರಿನದು. ಕೋಲಿಯಲ್ಲಿ ಪ್ಲಗ್ ಇಲ್ಲ, ಹೊರಗಿಂದ ಎಕ್ಸ್‌ಟೆನ್ಶನ್ ವೈರನ್ನು ಬಾಗಿಲ ಸಂದಿಯಲ್ಲಿ ತಂದಿದ್ದೆ. ಬಾಗಿಲು ಹಾಕಿದಾಗೆಲ್ಲ ಅದು ಚೌಕಟ್ಟಿಗೆ ಸಿಕ್ಕಿ ಅದುಮುತ್ತಿತ್ತು. ಒಂದು ದಿನ ನೋಡಿದರೆ ಮೇಲಿನ ಕವಚ ಸೀಳಿತ್ತು. ಅಡಾಪ್ಟರ್ ಮಡಿಸಿದ ಬಟ್ಟೆಗಳ ನಡುವೆ ಬೆಚ್ಚಗೆ ಕೂತಿತ್ತು. ಅವತ್ತೇ ಕಿತ್ತು ಹಾಕಿದೆ. ಬಟ್ಟೆ ತುಂಬಿದ ಮುಚ್ಚಿದ ಕೋಲಿಗೆ ಹೀಗೆ ವೈರ್ ತರಬೇಡಿ, ದಯವಿಟ್ಟು.

ಮೂರನೆಯದು, ಈಗ ಇರೋದು: ಸ್ವಿಚ್ ಬೋರ್ಡಿನಿಂದಲೇ ವೈರಿಂಗ್ ಮಾಡಿಸಿದ ಲೈಟು. ಬಾಗಿಲ ಪಕ್ಕದ ಬೋರ್ಡಿನಲ್ಲಿ ಒಂದು ಜಾಗ ಖಾಲಿ ಇತ್ತು, ಅಲ್ಲಿ 6 ಆಂಪಿಯರ್ ಸ್ವಿಚ್ ಹಾಕಿಸಿದೆ. 1.5 ಎಂಎಂ ತಾಮ್ರದ ವೈರ್, ಮೇಲೆ ಕೇಸಿಂಗ್ ಪಟ್ಟಿ, ನಡುವೆ ಎಲ್ಲೂ ಜಾಯಿಂಟ್ ಇಲ್ಲ. ವೈರಮನ್ ಅರ್ಧ ದಿನದಲ್ಲಿ ಮುಗಿಸಿ ಚಾವಣಿಯ ನಡುಮಧ್ಯೆ ಹೋಲ್ಡರ್ ಕೂರಿಸಿ, 9 ವ್ಯಾಟಿನ ಎಲ್‌ಇಡಿ ಬಲ್ಬ್ ಹಾಕಿ ಹೋದ.

ರಾತ್ರಿ ಸ್ವಿಚ್ ಆಫ್ ಮಾಡಿದರೂ ಬಲ್ಬು ಮಿಣುಮಿಣು ಅನ್ನುತ್ತಿತ್ತು. ಬಲ್ಬೇ ಕೆಟ್ಟಿರಬೇಕು ಅಂದುಕೊಂಡು ಬದಲಿಸಿದೆ. ಹೊಸದೂ ಹಾಗೇ. ಇನ್ನೊಬ್ಬ ವೈರಮನ್‌ನನ್ನು ಕರೆಸಿದಾಗ ಕಾರಣ ತಿಳಿಯಿತು. ಮೊದಲಿನವನು ಸ್ವಿಚ್ಚಿಗೆ ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಕೊಟ್ಟಿದ್ದ. ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ 230 ವೋಲ್ಟಿನ ಫೇಸ್ ಜೀವಂತ! ಸಣ್ಣಗೆ ಸೋರುವ ಕರೆಂಟಿಗೇ ಎಲ್‌ಇಡಿ ಮಿನುಗುತ್ತದೆ. ಹಳೆಯ ತಂತಿ ಬಲ್ಬ್ ಆಗಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಸ್ವಿಚ್ ಆಫ್ ಇದೆ ಅಂತ ನಂಬಿ ಬಲ್ಬ್ ಬದಲಿಸಿದ್ದು ನಾನೇ ಅಲ್ವಾ, ಬೆರಳು ತಾಗಿದ್ದರೆ ಏನಾಗುತ್ತಿತ್ತು ಅಂತ ಇಂದಿಗೂ ಅನಿಸುತ್ತದೆ. ಮಿಣುಕಲು ಬೇರೆ ಕಾರಣವೂ ಇರಬಹುದು, ಸಣ್ಣ ಇಂಡಿಕೇಟರ್ ದೀಪ ಇರುವ ಸ್ವಿಚ್ಚಿನಲ್ಲೂ ಹೀಗಾಗುತ್ತದೆ. ಆದರೆ ಮೊದಲು ಫೇಸ್ ನೋಡಿಸಿ. ಬಲ್ಬ್ ಬದಲಿಸಲೂ ಮೇನ್ ಬಂದ್ ಮಾಡಿ.

ಇನ್ನೊಂದು ತಪ್ಪು ನನ್ನದು: ಜಾಗ. ಚಾವಣಿ ನಡುವೆ ಲೈಟಿದ್ದರೆ ಕೆಳಗಿನ ಹಲಗೆಗೆ ಬಾಗಿದಾಗ ನಮ್ಮ ತಲೆಯ ನೆರಳೇ ಬಟ್ಟೆಯ ಮೇಲೆ ಬೀಳುತ್ತದೆ. ಹೋಲ್ಡರ್ ತೆಗೆಸಿ, ಬಾಗಿಲ ಮೇಲೆ ಒಳಗೋಡೆಗೆ ಎರಡಡಿಯ 10 ವ್ಯಾಟ್ ಎಲ್‌ಇಡಿ ಟ್ಯೂಬ್ ಹಾಕಿಸಿದೆ. ಬೆಳಕು ಈಗ ಎದುರಿನಿಂದ ಸೀರೆಗಳ ಮೇಲೆ ಬೀಳುತ್ತದೆ. ಬಟ್ಟೆ ಅದರಿಂದ ಒಂದಡಿಗಿಂತ ಜಾಸ್ತಿ ದೂರ ಇದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ; ತೀರಾ ಬಿಳಿಯ 6500 ಕೆಲ್ವಿನ್ ಬಿಟ್ಟು ಅದಕ್ಕಿಂತ ಹಳದಿ ಕಡೆಯ 4000 ಕೆಲ್ವಿನ್ ತಂದೆ. ಸೆನ್ಸರ್ ಕಡ್ಡಿಯ ಬೆಳಕಿನಲ್ಲಿ ಒಂದಾಗುತ್ತಿದ್ದ ಕಪ್ಪು, ಕಡುನೀಲಿ ಈಗ ಬೇರೆಬೇರೆ ಕಾಣುತ್ತವೆ.

ಖರ್ಚಿನಲ್ಲಿ ಇದೇ ಜಾಸ್ತಿ, ಉಳಿದೆರಡೂ ಸೇರಿದರೂ ಇದರ ಅರ್ಧ ಆಗಲಿಲ್ಲ. ಕರೆಂಟಿನ ಚಿಂತೆ ಮಾತ್ರ ಬೇಡ. ದಿನಕ್ಕೆ ಕಾಲು ಗಂಟೆ ಹತ್ತಿದರೆ ಒಂದು ಯೂನಿಟ್ ಮುಗಿಯಲು 400 ದಿನ ಬೇಕು. ಬಾಡಿಗೆ ಮನೆಯವರಿಗೆ ಸೆನ್ಸರ್ ಲೈಟೇ ಸಾಕು ಅನ್ನುತ್ತೇನೆ. ಸ್ವಂತ ಮನೆ ಇದ್ದರೆ ವೈರಿಂಗ್ ಮಾಡಿಸಿಬಿಡಿ.

ಸೆನ್ಸರ್ ಕಡ್ಡಿಯನ್ನು ಮೇನ್ ಬೋರ್ಡಿನ ಪಕ್ಕ ಅಂಟಿಸಿದ್ದೇನೆ. ರಾತ್ರಿ ಕರೆಂಟ್ ಹೋದಾಗ ಎಂಸಿಬಿ (ತಾನೇ ಆಫ್ ಆಗುವ ಸುರಕ್ಷತಾ ಸ್ವಿಚ್) ಬಿದ್ದಿದೆಯೋ ಇಲ್ಲವೋ ನೋಡಲು ಅಲ್ಲಿ ಒಳ್ಳೆ ಉಪಯೋಗಕ್ಕೆ ಬರುತ್ತಿದೆ.