ಕ್ರೋನ್‌ಬೋರ್ಗ್ ಕೋಟೆಯಲ್ಲಿ ಹ್ಯಾಮ್ಲೆಟ್ ನೋಡಿದ್ದು, ಪರದೆ ಪಕ್ಕದಲ್ಲೇ ನಿಂತು

ಡೆನ್ಮಾರ್ಕ್‌ಗೆ ಹೋದೋರು ಕೋಪನ್‌ಹೇಗನ್ ಸುತ್ತಿ ವಾಪಸ್ ಬಂದ್ಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಹೆಲ್ಸಿಂಗೋರ್‌ಗೆ ಅಂತ ಒಂದು ಇಡೀ ದಿನ ಇಟ್ಕೊಳ್ಳಿ. ಟ್ರೈನಲ್ಲಿ ಮುಕ್ಕಾಲು ಗಂಟೆ, ಸ್ಟೇಷನ್ನಿಂದ ಕ್ರೋನ್‌ಬೋರ್ಗ್ ಕೋಟೆಗೆ ನಡ್ಕೊಂಡೇ ಹೋಗ್ಬಹುದು, ಎದುರಿಗೆ ಸಮುದ್ರ, ಆಚೆ ದಡದಲ್ಲಿ ಸ್ವೀಡನ್ ಕಾಣುತ್ತೆ. ಶೇಕ್ಸ್‌ಪಿಯರ್ ನಾಟಕದಲ್ಲಿ ಬರೋ ಎಲ್ಸಿನೋರ್ ಇದೇ ಊರು. ಬೇಸಿಗೇಲಿ ಇಲ್ಲಿ ಹ್ಯಾಮ್ಲೆಟ್ ಲೈವ್ ಅಂತ ನಡೆಸ್ತಾರೆ. ಕುರ್ಚಿ ಹಾಕ್ಕೊಂಡು ಕೂತು ನೋಡೋದಲ್ಲ, ಕೋಟೆಯ ರೂಮು, ಹಾಲು, ಅಂಗಳ ಅಂತ ಒಂದೊಂದು ಹೊತ್ತಿಗೆ ಒಂದೊಂದು ಕಡೆ ದೃಶ್ಯ ಶುರುವಾಗುತ್ತೆ, ನಾವು ನಟರ ಹಿಂದೆ ಓಡಾಡ್ಬೇಕು.

ನಾನು ಎರಡು ಸಲ ಹೋದೆ. ಮೊದ್ಲ ಸಲ ಒಂದು ಟೂರ್ ಬಸ್ಸಲ್ಲಿ, ಕೊಟ್ಟಿದ್ದು ಒಂದೇ ಗಂಟೆ, ಮೇಲೆ ಗೈಡ್ ಬೇರೆ ಶೇಕ್ಸ್‌ಪಿಯರ್ ಇಲ್ಲೇ ಕೂತು ನಾಟಕ ಬರೆದ್ರು ಅಂತ ಹೇಳ್ಬಿಟ್ಟ. ತುಂಬಾ ಬೇಜಾರಾಯ್ತು, ಯಾಕಂದ್ರೆ ಅವ್ರು ಇಲ್ಲಿಗೆ ಬಂದಿದ್ರು ಅನ್ನೋದಕ್ಕೆ ಯಾವ ಪುರಾವೆನೂ ಇಲ್ಲ, ಮತ್ತೆ ನಿಜವಾದ ಕತೆ ಅದಕ್ಕಿಂತ ಚೆನ್ನಾಗಿದೆ. 1586ರಲ್ಲಿ ಇಂಗ್ಲೆಂಡಿನ ನಟರು ಕೆಲವರು ಇಲ್ಲಿ ರಾಜನ ಆಸ್ಥಾನದಲ್ಲಿ ಕೆಲಸಕ್ಕಿದ್ರು, ಅದ್ರಲ್ಲಿ ವಿಲ್ ಕೆಂಪ್, ಥಾಮಸ್ ಪೋಪ್ ಮುಂದೆ ಶೇಕ್ಸ್‌ಪಿಯರ್ ಇದ್ದ ನಾಟಕ ಕಂಪನಿಗೇ ಸೇರಿದ್ರು. ಈ ಕೋಟೆ ಹೇಗಿದೆ ಅಂತ ಕಣ್ಣಾರೆ ಕಂಡೋರು ಅವ್ರ ಜೊತೆಲೇ ಇದ್ರು ಅಂದ್ಹಾಗಾಯ್ತು.

ಎರಡ್ನೇ ಸಲ ಅಮ್ಮನ್ನ ಕರ್ಕೊಂಡು ಟ್ರೈನಲ್ಲೇ ಹೋದೆ, ಬೆಳಿಗ್ಗೆಯಿಂದ ಸಂಜೆ ತನಕ ಇದ್ವಿ.

ಓದುವಾಗ ನನಗೆ ಹ್ಯಾಮ್ಲೆಟ್ ಅಂದ್ರೆ ಸೇಡಿನ ನಾಟಕ ಅಂತಲೇ ಇತ್ತು, ಅಪ್ಪನ್ನ ಕೊಂದು ರಾಜನಾದ ಚಿಕ್ಕಪ್ಪನ ಮೇಲೆ ಮಗನ ಸೇಡು. ಕೋಟೆ ಒಳಗೆ ನಿಂತು ನೋಡಿದ್ಮೇಲೆ ಗೊತ್ತಾಯ್ತು ಇದು ಕದ್ದು ಕೇಳೋರ ನಾಟಕ. ರಾಜನ ಮಂತ್ರಿ ಪೊಲೋನಿಯಸ್ ಪ್ಯಾರಿಸ್‌ನಲ್ಲಿರೋ ಸ್ವಂತ ಮಗನ ಮೇಲೇ ಗೂಢಚಾರನ್ನ ಕಳಿಸ್ತಾನೆ, ರಾಜ ಹ್ಯಾಮ್ಲೆಟ್‌ನ ಹಳೇ ಗೆಳೆಯರನ್ನೇ ಕರೆಸಿ ಅವನ ಮನಸ್ಸಲ್ಲೇನಿದೆ ತಿಳ್ಕೊಂಡು ಬನ್ನಿ ಅಂತಾನೆ, ಪೊಲೋನಿಯಸ್ ಮಗಳು ಒಫೀಲಿಯಾನ ಹ್ಯಾಮ್ಲೆಟ್ ಮುಂದೆ ಬಿಟ್ಟು ಅವಳಪ್ಪ, ರಾಜ ಇಬ್ರೂ ಮರೆಯಲ್ಲಿ ನಿಂತು ಕೇಳ್ತಾರೆ, ಕೊನೆಗೆ ಹ್ಯಾಮ್ಲೆಟ್ಟೂ ಅದನ್ನೇ ಮಾಡ್ತಾನೆ, ನಾಟಕದೊಳಗೊಂದು ನಾಟಕ ಆಡಿಸಿ ಚಿಕ್ಕಪ್ಪನ ಮುಖ ಹೇಗಾಗುತ್ತೆ ಅಂತ ಕಾಯ್ತಾನೆ. ಇಷ್ಟು ಕಿವಿಗಳಿರೋ ಮನೇಲಿ ಹುಚ್ಚನ ವೇಷ ಒಂದರಲ್ಲೇ ಅವನು ಮನಸ್ಸಲ್ಲಿದ್ದಿದ್ದನ್ನ ಹೇಳೋಕಾಗಿದ್ದು. ನಾಟಕದ ಮೂಲ ಕತೆ 1200ರ ಸುಮಾರಿಗೆ ಡೆನ್ಮಾರ್ಕಿನ ಇತಿಹಾಸಕಾರ ಸ್ಯಾಕ್ಸೋ ಗ್ರಾಮಾಟಿಕಸ್ ಬರೆದಿದ್ದು, ಅದ್ರಲ್ಲೂ ರಾಜಕುಮಾರ ಹುಚ್ಚನ ಹಾಗೆ ನಟಿಸ್ತಾನೆ, ಅಲ್ಲೂ ತಾಯಿ ಮಗ ಮಾತಾಡೋದನ್ನ ಒಬ್ಬ ಕದ್ದು ಕೇಳ್ತಾನೆ, ಅಡಗಿರೋದು ಮಾತ್ರ ಹುಲ್ಲಿನ ಕೆಳಗೆ.

ಶೇಕ್ಸ್‌ಪಿಯರ್ ಆ ಹುಲ್ಲನ್ನ ಪರದೆ ಮಾಡಿದ್ರು, ರಾಣಿ ಕೋಣೇಲಿ ಪೊಲೋನಿಯಸ್ ಅಡಗೋದು ಅದರ ಹಿಂದೆ. ಕ್ರೋನ್‌ಬೋರ್ಗ್ ಕಟ್ಟಿಸಿದ ಎರಡನೇ ಫ್ರೆಡ್ರಿಕ್ ದೊರೆ ಗೋಡೆಗೆ ಹಾಕೋಕೆ ಡೆನ್ಮಾರ್ಕ್ ರಾಜರ ಚಿತ್ರ ಇರೋ ದೊಡ್ಡ ದೊಡ್ಡ ನೇಯ್ದ ಪರದೆಗಳನ್ನ ಮಾಡಿಸಿದ್ದ, 7 ಇನ್ನೂ ಅಲ್ಲೇ ಇವೆ. ಹತ್ರ ಹೋಗಿ ನೋಡಿ, ಆಳೆತ್ತರಕ್ಕಿಂತ ದೊಡ್ಡದು, ಹಿಂದೆ ಒಬ್ಬ ನಿಂತ್ರೆ ಕಾಣೋದೇ ಇಲ್ಲ.

ರಾಣಿ ಕೋಣೆಯ ದೃಶ್ಯಕ್ಕೆ ನಾವೆಲ್ಲ ಗೋಡೆಗೆ ಒತ್ಕೊಂಡು ನಿಂತಿದ್ವಿ, ಪೊಲೋನಿಯಸ್ ಪಾತ್ರದೋರು ನಮ್ಮ ಸಾಲಿನ ಮುಂದೇನೇ ಹಾದು ಹೋಗ್ತಾ ತುಟಿ ಮೇಲೆ ಬೆರಳಿಟ್ಟು ಸುಮ್ನಿರಿ ಅಂತ ಸನ್ನೆ ಮಾಡಿದ್ರು. ಎಲ್ರೂ ಉಸಿರು ಬಿಗಿಹಿಡ್ಕೊಂಡು ಸುಮ್ನಾದ್ವಿ. ಹ್ಯಾಮ್ಲೆಟ್ ಬಂದ, ಅವನಮ್ಮ ರಾಣಿ ಮೇಲೆ ಕೂಗಾಡಿದ, ಪರದೆ ಅಲ್ಲಾಡ್ತು, ಕತ್ತಿ ಒಳಗೆ ಹೋಯ್ತು. ಅಲ್ಲೊಬ್ಬ ಇದಾನೆ ಅಂತ ನಮಗೆಲ್ಲ ಗೊತ್ತಿತ್ತು, ಒಬ್ರೂ ಬಾಯಿ ಬಿಡ್ಲಿಲ್ಲ. ನನ್ನ ಕೈ ತಣ್ಣಗಾಗಿತ್ತು.

ಅಮ್ಮಂಗೆ ಇಂಗ್ಲಿಷ್ ಬರಲ್ಲ. ನಮ್ಮದು ಹೊಸನಗರದ ಕಡೆ, ಕುವೆಂಪು ಅವ್ರು ಇದೇ ಕತೆನ ನಮ್ಮ ಕಡೆಯ ಬಿದನೂರು ಕೋಟೆಗೆ ತಂದು ರಕ್ತಾಕ್ಷಿ ನಾಟಕ ಬರೆದಿದ್ದು ಅಂತ ಟ್ರೈನಲ್ಲೇ ಹೇಳಿದ್ದೆ, ಅಷ್ಟು ಸಾಕಾಯ್ತು. ನಮ್ಮ ಕೋಟೆ ಕತೆ ತಾನೇ ಅಂತ ಎಲ್ಲಾ ದೃಶ್ಯಕ್ಕೂ ಮುಂದೆ ಹೋಗಿ ನಿಲ್ತಿದ್ರು. ಹ್ಯಾಮ್ಲೆಟ್ ಹುಚ್ಚಾಟ ಆಡುವಾಗ "ಇವನು ಬೇಕಂತ ಮಾಡ್ತಿದಾನೆ" ಅಂದ್ರು, ಸರಿಯಾಗೇ ಹಿಡಿದಿದ್ರು. ಒಫೀಲಿಯಾ ಕೂದಲು ಕೆದರ್ಕೊಂಡು ಹೂ ಹಂಚ್ತಾ ಬಂದಾಗ ಮಾತ್ರ "ಇವಳದ್ದು ನಿಜ ಕಣೇ" ಅಂದ್ರು, ಆಮೇಲೆ ಮಾತಿಲ್ಲ.

ಹೋಗೋರಿಗೆ ಒಂದೆರಡು ಮಾತು. ಬೇಸಿಗೆ ಅಂತ ಜಾಕೆಟ್ ಬಿಟ್ಟು ಹೋಗ್ಬೇಡಿ, ಸಮುದ್ರದ ಗಾಳಿ ಜೋರು. ನೆಲಮಾಳಿಗೆ ಕತ್ತಲು, ನೆಲ ಸಮ ಇಲ್ಲ, ವಯಸ್ಸಾದೋರ ಕೈ ಹಿಡ್ಕೊಳ್ಳಿ. ದೃಶ್ಯದ ಟೈಮು ಮೊದ್ಲೇ ನೋಡ್ಕೊಳ್ಳಿ, ಎಲ್ಲಾನೂ ನೋಡೋಕಾಗದೇ ಇದ್ರೆ ರಾಣಿ ಕೋಣೆದು, ಒಫೀಲಿಯಾದು ಎರಡಂತೂ ಬಿಡ್ಬೇಡಿ. ನಾಟಕ ಓದಿಲ್ಲ ಅಂದ್ರೂ ಪರವಾಗಿಲ್ಲ, ಕತೆ ಗೊತ್ತಿದ್ರೆ ಸಾಕು. ನನ್ನ ಕಡೆಯಿಂದ ಐದಕ್ಕೆ ಐದು.

ಒಫೀಲಿಯಾ ಪಾತ್ರದ ಹುಡುಗಿ ಅಮ್ಮನ ಕೈಗೂ ಒಂದು ಹೂವಿನ ಕಡ್ಡಿ ಇಟ್ಟು ಹೋಗಿದ್ಳು. ಕೋಪನ್‌ಹೇಗನ್ ಸ್ಟೇಷನ್ನಲ್ಲಿ ಇಳಿಯೋವಾಗ್ಲೂ ಅದು ಕೈಯಲ್ಲೇ ಇತ್ತು, "ಆ ಮಗು ಹತ್ರ ಯಾರಾದ್ರೂ ಒಬ್ರು ಕೂತು ಮಾತಾಡ್ಬಾರ್ದಿತ್ತಾ" ಅಂತ ಕೇಳಿದ್ರು.